ತಿಪ್ಪವ್ವನ ಚಂಚಿಯೊಳಗಿನ ಬೋರ್ಡು

ಹೊಳೆಮಣ್ಣೂರಿನ ಸಿದ್ದಲಿಂಗನ ಮೇಲೆ ನನಗೆ ಬಂದಷ್ಟು ಸಿಟ್ಟು ಇಪ್ಪತ್ತೆಂಟು ವರ್ಷದ ಮಾಸ್ತರಿಕೆಯಲ್ಲಿ ಯಾವ ಹುಡುಗನ ಮೇಲೂ ಬಂದಿಲ್ಲ. ಎದುರಿಗೆ ‘ರೀ’ ಹಚ್ಚಿಯೇ ಮಾತಾಡಿಸುತ್ತೇನೆ, ನಿಜ. ಬರೆಯುವಾಗಲೂ ಅಷ್ಟು ಮರ್ಯಾದೆ ಕೊಡುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ನಾನು ರೋಣದವಳು. ಬೆಳಗಿನ ಬಸ್ಸಿಗೆ ಹೊಳೆಮಣ್ಣೂರಿಗೆ ಬಂದು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಸಂಜೆಯ ಬಸ್ಸಿಗೆ ಮರಳುತ್ತೇನೆ. ಬಸ್ಸು ನಿಲ್ಲುವ ಜಾಗದ ಎದುರಿಗೇ ಸಿದ್ದಲಿಂಗನ ಅಂಗಡಿ. ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಹೊಸ ತಂತಿ ಸುತ್ತಿಕೊಡುವುದು ಅವನ ಕಸುಬು. ಜೊತೆಗೆ ಮಿಕ್ಸಿ, ಫ್ಯಾನು, ಮೊಬೈಲ್ ಚಾರ್ಜರು, ಗುಡಿಯ ಮೈಕು, ಯಾವುದನ್ನು ತಂದರೂ ಆಗುವುದಿಲ್ಲ ಎಂದವನಲ್ಲ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು, ಸುಟ್ಟ ಮೋಟಾರನ್ನು ಮೂಸಿ ನೋಡಿ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಾನೆ. ಹೇಳಿದ್ದು ಸಾಮಾನ್ಯವಾಗಿ ಸರಿಯಿರುತ್ತದೆ, ಅದೇ ತೊಂದರೆ. ತಾನೂ ತಪ್ಪಬಹುದು ಎಂಬ ಮಾತು ಅವನ ತಲೆಗೆ ಹೋಗುವುದೇ ಇಲ್ಲ.

ಅವನ ಅಕ್ಕ ತಿಪ್ಪವ್ವ. ಈಗ ಅರವತ್ನಾಲ್ಕು. ತಾಯಿ ತೀರಿಕೊಂಡಾಗ ಸಿದ್ದಲಿಂಗನಿಗೆ ಮೂರು ವರ್ಷ, ಎತ್ತಿ ಬೆಳೆಸಿದವಳು ಈಕೆ. ಮೂವತ್ತರ ಹೊತ್ತಿಗೆ ಎಂಥದೋ ಜ್ವರ ಬಂದು ಎರಡೂ ಕಿವಿ ಹೋದವು. ಮಾತು ಉಳಿಯಿತು, ಅದೂ ಊರಿಗೆಲ್ಲ ಕೇಳುವಷ್ಟು. ಹೊಳೆಸಾಲಿನಲ್ಲಿ ಆಕೆಯ ಪಾಲಿಗೆ ಹದಿನೈದು ಗುಂಟೆ ಹೊಲ ಬಂದಿದೆ. ವರ್ಷಕ್ಕೊಮ್ಮೆ ಮಲಪ್ರಭೆ ತಂದು ಹಾಕುವ ಮಣ್ಣು, ಬದನೆಗೆ ಹೇಳಿ ಮಾಡಿಸಿದ್ದು. ತಿಪ್ಪವ್ವನ ಬದನೆಕಾಯಿ ಬಂದರೆ ರೋಣದ ಸಂತೆಯಲ್ಲಿ ಬೇರೆಯವರ ಬುಟ್ಟಿಯ ಕಡೆಗೆ ಯಾರೂ ನೋಡುತ್ತಿರಲಿಲ್ಲ. ನಾನೇ ನೋಡಿಲ್ಲ.

ಆ ಹೊಲಕ್ಕೂ ಊರಿಗೂ ನಡುವೆ ಒಂದು ಹಳ್ಳವಿದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಮೊದಲು ಈ ಹಳ್ಳಕ್ಕೆ ನುಗ್ಗುತ್ತದೆ, ಹೊಲದ ಬೆನ್ನ ಹಿಂದಿನಿಂದ. ಹೊಲದಲ್ಲಿ ಬಗ್ಗಿ ಕೆಲಸ ಮಾಡುವವರಿಗೆ ಕಾಣುವುದಿಲ್ಲ. ಎರಡು ವರ್ಷದ ಹಿಂದೆ ಹಾಗೆಯೇ ಆಯಿತು. ನೀರು ಬಿಟ್ಟಿದ್ದಾರೆ ಎಂದು ಪಂಚಾಯಿತಿಯವರು ಆಟೋದಲ್ಲಿ ಮೈಕು ಕಟ್ಟಿಕೊಂಡು ಮೂರು ಸಲ ಸಾರಿ ಹೋದರು. ಸುತ್ತಲಿನ ಹೊಲದವರೆಲ್ಲ ಎದ್ದು ಓಡಿದರು. ತಿಪ್ಪವ್ವ ಕಳೆ ತೆಗೆಯುತ್ತಲೇ ಇದ್ದಳು. ನಾಲ್ಕು ತಾಸು ಜಾಲಿಗಿಡ ಅಪ್ಪಿಕೊಂಡು ನಿಂತವಳನ್ನು ಅಂಬಿಗರು ಹರಗೋಲು ಹಾಕಿ ಕರೆತಂದರು.

ಅಂದಿನಿಂದ ಸಿದ್ದಲಿಂಗ ಆಕೆಯನ್ನು ಹೊಲಕ್ಕೆ ಬಿಡಲಿಲ್ಲ. ‘ನೀ ಹಳ್ಳ ದಾಟಿದ್ರ ನಾ ಊಟಾ ಬಿಡ್ತೀನಿ’ ಎಂದು ಕೈಸನ್ನೆ ಮಾಡಿ ಹೇಳಿ, ಒಮ್ಮೆ ಎರಡು ದಿನ ಬಿಟ್ಟೂ ಬಿಟ್ಟ. ಹೊಲಕ್ಕೆ ಕರಿಕೆ ಹಬ್ಬಿತು. ತಿಪ್ಪವ್ವ ಪಡಸಾಲೆಯಲ್ಲಿ ಕುಳಿತು ಹಸನಾದ ಅಕ್ಕಿಯನ್ನೇ ಮತ್ತೆ ಹಸನು ಮಾಡುತ್ತಿದ್ದಳು. ಈ ಮೇ ತಿಂಗಳ ಕೊನೆಗೆ ಯಾರನ್ನೂ ಕೇಳದೆ ಮಾಳಿಗೆಯ ಮೇಲೆ ಒಡೆದ ಟಬ್ಬಿನಲ್ಲಿ ಬದನೆಯ ಅಗಿ ಹಾಕಿದಳು. ಸಸಿ ಮೊಳೆತ ದಿನ ತಮ್ಮನ ಅಂಗಡಿಗೆ ಬಂದು ನಿಂತಳು.

“ಊರಾಗಿನ ಮಂದಿದು ಎಲ್ಲಾ ರಿಪೇರಿ ಮಾಡ್ತಿ. ನನಗ ನೀರು ಬಂದದ್ದು ಗೊತ್ತಾಗುವಂಗ ಏನಾರ ಮಾಡಿಕೊಡು. ಇಲ್ಲಂದ್ರ ನಾ ಹಂಗ ಹೋಗ್ತೀನಿ. ಹಿಂಗ ಕುಂದ್ರಿಸಿ ಇಟ್ರ ಲಗೂನ ಸಾಯ್ತೀನಿ ನಾ.”

ಸಿದ್ದಲಿಂಗ ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ ಎರಡು ಬೋರ್ಡು ತರಿಸಿದ. ಅಂಗೈಗಿಂತ ಸಣ್ಣವು. ನಾವು ಬರೆದುಕೊಟ್ಟಂತೆ ನಡೆಯುವ ಚಿಕ್ಕ ಮಿದುಳು ಒಂದು, ತಂತಿಯಿಲ್ಲದೆ ಇನ್ನೊಂದು ಬೋರ್ಡಿಗೆ ಸುದ್ದಿ ಕಳಿಸುವ ರೇಡಿಯೋ ಒಂದು, ಎರಡೂ ಅದರಲ್ಲೇ ಇವೆ. ಹಳ್ಳದ ದಂಡೆಗೆ ಕಂಬ ನೆಟ್ಟು ಅದಕ್ಕೊಂದು ಬೋರ್ಡು, ಕೆಳಗೆ ನೀರಿನ ಟ್ಯಾಂಕಿನ ತೇಲುವ ಗುಂಡು. ಗುಂಡು ಮೇಲೆದ್ದರೆ ತಿಪ್ಪವ್ವನ ಸೊಂಟದಲ್ಲಿರುವ ಇನ್ನೊಂದು ಬೋರ್ಡಿಗೆ ಸುದ್ದಿ ಹೋಗಬೇಕು, ಹಳೆಯ ಮೊಬೈಲಿನಿಂದ ಕಿತ್ತ ಪುಟ್ಟ ಮೋಟಾರು ಗರ್ ಎಂದು ನಡುಗಬೇಕು. ಯೋಚನೆ ಚಲೋ ಇತ್ತು, ಇಲ್ಲ ಎನ್ನಲಾರೆ. ಆದರೆ ಬೋರ್ಡಿಗೆ ಪ್ರೋಗ್ರಾಮ್ ತುಂಬಲು ಲ್ಯಾಪ್‌ಟಾಪು ಬೇಕು, ತೆರೆಯ ಮೇಲಿನ ಇಂಗ್ಲಿಷು ಓದಲು ಒಬ್ಬರು ಬೇಕು. ನಾನು ಬಸ್ಸು ಕಾಯುತ್ತ ನಿಂತಿದ್ದೆ.

“ಅಕ್ಕೋರ, ಬರೇ ಹತ್ತು ಮಿನಿಟಿನ ಕೆಲಸ ಐತ್ರಿ.”

ಸಾಲಿ ಬಿಟ್ಟ ಮೇಲೆ ಬಸ್ಸು ಬರುವತನಕ ನನಗೆ ಒಂದೂಕಾಲು ತಾಸು. ಮರುದಿನ ಲ್ಯಾಪ್‌ಟಾಪು ತಂದೆ. ಬೋರ್ಡಿಗೆ ಕೇಬಲ್ ಜೋಡಿಸಿದೆವು, ಕೆಂಪು ದೀಪ ಹತ್ತಿತು. ಸಿದ್ದಲಿಂಗ ದೀಪಕ್ಕೆ ಕೈ ಮುಗಿದ. ವಿಡಿಯೋದವನು ಈಗ ಪೋರ್ಟ್ ಆರಿಸಿಕೊಳ್ಳಿ ಎಂದ. ಬೋರ್ಡು ಬಂದು ಕೂತಿದೆ ಎಂದು ಲ್ಯಾಪ್‌ಟಾಪು ಗುರುತು ಹಿಡಿದರೆ ಅದರ ಹೆಸರು ಅಲ್ಲಿ ಕಾಣಬೇಕು. ನಮ್ಮಲ್ಲಿ ಆ ಜಾಗ ಖಾಲಿ. ಕಿತ್ತು ಮತ್ತೆ ಜೋಡಿಸಿದೆವು, ಖಾಲಿ. ಲ್ಯಾಪ್‌ಟಾಪು ಬಂದ್ ಮಾಡಿ ಚಾಲೂ ಮಾಡಿದೆವು, ಖಾಲಿ. ಬಸ್ಸು ಬಂತು.

ಎರಡನೆಯ ದಿನ ಡ್ರೈವರ್ ಎಂಬುದೊಂದನ್ನು ಹಾಕಬೇಕು ಎಂದು ತಿಳಿಯಿತು. ಒಂದೇ ಗೆರೆಯ ನೆಟ್‌ವರ್ಕಿನಲ್ಲಿ ಅದು ಇಳಿಯುವಷ್ಟರಲ್ಲಿ ಮತ್ತೆ ಬಸ್ಸು. ಮೂರನೆಯ ದಿನ ಅದನ್ನು ಹಾಕಿದರೂ ಜಾಗ ಖಾಲಿಯೇ. ನಾಲ್ಕನೆಯ ದಿನದಿಂದ ಜಗಳ ಶುರುವಾಯಿತು.

“ನಿಮ್ಮ ಲ್ಯಾಪ್‌ಟಾಪ್ ಹಳೇದಾಗೈತ್ರಿ ಅಕ್ಕೋರ.”

“ನನ್ನ ಲ್ಯಾಪ್‌ಟಾಪ್ ಸುದ್ದಿಗೆ ಬರಬ್ಯಾಡ್ರಿ. ನಿಮ್ಮ ಬೋರ್ಡ ಸತ್ತೈತಿ.”

“ದೀಪ ಹತ್ತೈತಲ್ರಿ! ಸತ್ತದ್ದು ಹ್ಯಾಂಗ ದೀಪ ಹಚ್ಚತೈತಿ?”

ಎರಡೂ ಬೋರ್ಡು ವಾಪಸು ಕಳಿಸಿ ಬೇರೆಯವು ತರಿಸಲು ಆರು ದಿನ ಹಿಡಿಯಿತು. ಅವುಗಳ ದೀಪವೂ ಹತ್ತಿತು, ಅವೂ ಕಾಣಿಸಲಿಲ್ಲ. ನಾನು ಮನೆಯಲ್ಲಿ ಊಟ ಬಿಟ್ಟು ವಿಡಿಯೋ ನೋಡತೊಡಗಿದೆ. ಎಷ್ಟು ನೋಡಿದರೂ ಎಲ್ಲರದ್ದೂ ಮೊದಲ ಸಲಕ್ಕೇ ಆಗುತ್ತದೆ, ನಕ್ಕು ಮುಂದೆ ಹೋಗುತ್ತಾರೆ. ಅವರ ಹಲ್ಲು ಮುರಿಯಬೇಕೆನಿಸುತ್ತಿತ್ತು. ಇತ್ತ ಮಾಳಿಗೆಯ ಮೇಲಿನ ಅಗಿ ಬೆರಳುದ್ದ ಇದ್ದದ್ದು ಗೇಣುದ್ದಕ್ಕೆ ಬಂತು. ಹೆಚ್ಚು ದಿನ ಟಬ್ಬಿನಲ್ಲಿ ನಿಂತರೆ ಕಾಂಡ ಬಲಿತು ನಾಟಿಗೆ ಬಾರದು. ತಿಪ್ಪವ್ವ ದಿನಾ ಅಂಗಡಿಯ ಬಾಗಿಲಿಗೆ ಬಂದು, ನಮ್ಮಿಬ್ಬರ ಮುಖ ನೋಡಿ, ಏನೂ ಕೇಳದೆ ಹೋಗುತ್ತಿದ್ದಳು. ಆಗ ನನಗೆ ನಾಚಿಕೆಯಾಗುತ್ತಿತ್ತು, ನಾಚಿಕೆಗೆ ಮತ್ತಷ್ಟು ಸಿಟ್ಟು.

ಒಂದು ದಿನ ನಾನು ಕೇಬಲ್ ಮೇಲೆ ಸಂಶಯಪಟ್ಟೆ. ಸಿದ್ದಲಿಂಗ ಕೂಡಲೇ ಹೋಗಿ ಓಣಿಯಿಂದ ಆರು ಕೇಬಲ್ ಕೂಡಿಸಿ ತಂದ. ಪಕ್ಕದ ಚಹಾದಂಗಡಿಯ ಲಾಲಬಿಯದೊಂದು, ಪಂಚಾಯಿತಿಯದೊಂದು, ಹೀಗೆ. ನನ್ನ ಚೀಲದಲ್ಲಿದ್ದದ್ದೂ ಸೇರಿ ಏಳು. ಏಳರಲ್ಲೂ ದೀಪ ಹತ್ತಿತು, ಏಳರಲ್ಲೂ ಜಾಗ ಖಾಲಿ.

“ಏಳೂ ಕೆಡಾಕ ಸಾಧ್ಯ ಐತೇನ್ರಿ?” ಎಂದ ಸಿದ್ದಲಿಂಗ.

ಸಾಧ್ಯವಿಲ್ಲ ಎಂದೆ. ವಿಜ್ಞಾನ ಕಲಿಸುವವಳು ನಾನು, ಅಷ್ಟು ಲೆಕ್ಕ ಗೊತ್ತು. ಕೇಬಲ್ಲಿನ ಸಂಶಯ ಬಿಟ್ಟು ಇನ್ನೂ ಮೂರು ಸಂಜೆ ಲ್ಯಾಪ್‌ಟಾಪಿನ ಜೊತೆ ಗುದ್ದಾಡಿದೆ.

ಹದಿನೆಂಟನೆಯ ದಿನ ಲಾಲಬಿ ಚಹಾ ಇಡಲು ಮೇಜಿನ ಮೇಲಿನ ಕೇಬಲ್ಲುಗಳನ್ನು ಪಕ್ಕಕ್ಕೆ ಸರಿಸಿದಳು. ಆಗ ನೋಡಿದೆ. ಏಳಕ್ಕೂ ಕುತ್ತಿಗೆಯ ಹತ್ತಿರ ಅದೇ ಕರಿ ಟೇಪು, ಅದೇ ಸುತ್ತು. ನನ್ನದಕ್ಕೂ ಇತ್ತು, ಹೋದ ವರ್ಷ ಇದೇ ಅಂಗಡಿಯಲ್ಲಿ ರಿಪೇರಿಯಾದದ್ದು. ಒಂದರ ಟೇಪು ಬಿಚ್ಚಿದೆ. ಒಳಗೆ ನಾಲ್ಕು ತಂತಿ. ಕೆಂಪು, ಕರಿ ಎರಡನ್ನು ಅಚ್ಚುಕಟ್ಟಾಗಿ ಬೆಸೆದಿತ್ತು. ಹಸಿರು, ಬಿಳಿ ಎರಡನ್ನೂ ಎರಡು ಕಡೆಯಿಂದ ಬುಡಕ್ಕೆ ಕತ್ತರಿಸಿತ್ತು.

“ಇವನ್ಯಾಕ ಕತ್ತರಿಸೀರಿ?”

“ಚಾರ್ಜ್ ಆಗಾಕ ಕೆಂಪ, ಕರಿ ಎರಡ ಸಾಕಲ್ರಿ. ಉಳಿದಾವು ಸುಮ್ನ ಅಡ್ಡ ಬರ್ತಾವ. ಒಂದಕ್ಕೊಂದು ತಾಗಿದ್ರ ನನ್ನ ಹೆಸರು ಕೆಡ್ತೈತಿ. ಅದಕ್ಕ ಕತ್ತರಿಸಿ ಒಗಿತೀನ್ರಿ.”

“ಎಂದಿನಿಂದ?”

“ಈ ಮೊಬೈಲ್ ಬಂದಾಗಿಂದ್ರಿ.”

ಬೋರ್ಡಿಗೆ ಪ್ರೋಗ್ರಾಮ್ ಹೋಗುವುದು ಆ ಹಸಿರು, ಬಿಳಿ ತಂತಿಗಳಲ್ಲಿ. ಕೆಂಪು, ಕರಿ ಬರೀ ಕರೆಂಟು ಕೊಡುತ್ತವೆ. ಹತ್ತು ವರ್ಷದಿಂದ ಊರಿನಲ್ಲಿ ಕೆಟ್ಟ ಕೇಬಲ್ಲೆಲ್ಲ ಇವನ ಕೈಯಿಂದಲೇ ಹಾದುಹೋಗಿವೆ. ನಾನು ಕೈಯಲ್ಲಿದ್ದದ್ದನ್ನು ಮೇಜಿನ ಮೇಲೆ ಕುಕ್ಕಿದೆ.

“ಊರಾಗಿನ ಎಲ್ಲಾ ಕೇಬಲ್ಲಿನ ನಾಲಿಗಿ ಕತ್ತರಿಸಿ ಇಟ್ಟೀರಲ್ರಿ ಮಾರಾಯರ! ಹದಿನೆಂಟು ದಿನಾ! ನನ್ನ ಲ್ಯಾಪ್‌ಟಾಪಿಗೆ ಹಳೇದು ಅಂದ್ರಿ!”

ಸಿದ್ದಲಿಂಗ ಏಳೂ ಕೇಬಲ್ಲುಗಳ ಟೇಪು ಒಂದೊಂದಾಗಿ ಬಿಚ್ಚಿ ನೋಡಿದ. ಅವನ ಕಿವಿ ಕೆಂಪಾಗಿದ್ದವು. ತಪ್ಪಾಯಿತು ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಅಂದು ಸಂಜೆ ರೋಣದಲ್ಲಿ ಹೊಸ ಕೇಬಲ್ ಕೊಂಡೆ. ಮರುದಿನ ಜೋಡಿಸಿದ ಅರೆಕ್ಷಣಕ್ಕೆ ಬೋರ್ಡಿನ ಹೆಸರು ಕಾಣಿಸಿತು. ಸಂತೋಷಪಡುವಷ್ಟು ಪುರಸೊತ್ತು ಸಿಗಲಿಲ್ಲ. ಪ್ರೋಗ್ರಾಮ್ ಕಳಿಸಿದರೆ ಕೆಂಪು ಅಕ್ಷರದಲ್ಲಿ ಬೈಗುಳ ಬಂತು. ಕಳಿಸುವಾಗ ಬೋರ್ಡಿನ ಮೂಲೆಯ ಸಣ್ಣ ಗುಂಡಿಯನ್ನು ಒತ್ತಿ ಹಿಡಿಯಬೇಕು ಎಂದು ಕಂಡುಕೊಳ್ಳಲು ಎರಡು ಸಂಜೆ ಹೋದವು. ಆಮೇಲೆ ಒಂದು ಕಳಿಸಿದ ಸುದ್ದಿ ಇನ್ನೊಂದಕ್ಕೆ ಮುಟ್ಟಲಿಲ್ಲ. ಪ್ರತಿ ಬೋರ್ಡಿಗೂ ತನ್ನದೇ ವಿಳಾಸವಿರುತ್ತದೆ, ಕಳಿಸುವ ಬೋರ್ಡಿನಲ್ಲಿ ಪಡೆಯುವ ಬೋರ್ಡಿನ ವಿಳಾಸ ಬರೆಯಬೇಕು. ನಾವು ಕಳಿಸುವುದರ ವಿಳಾಸವನ್ನೇ ಅದರಲ್ಲಿ ಬರೆದಿದ್ದೆವು. ತನಗೆ ತಾನೇ ಪತ್ರ ಹಾಕಿಕೊಳ್ಳುತ್ತ ಕೂತಿತ್ತು ಅದು. ಈ ತಪ್ಪು ನನ್ನದು. ಸಿದ್ದಲಿಂಗ ಎದ್ದು ಹೋಗಿ ತಾನೇ ಚಹಾ ತಂದುಕೊಟ್ಟ. ಅದು ಇನ್ನೂ ಚುಚ್ಚಿತು.

ಕೊನೆಗೆ ಒಂದು ಶನಿವಾರ ಬಕೆಟ್ಟಿನ ನೀರಿನಲ್ಲಿ ಗುಂಡು ತೇಲಿಸಿದರೆ ಮೇಜಿನ ಮೇಲಿನ ಡಬ್ಬಿ ಗರ್ ಎಂದು ನಡುಗಿತು. ಸಿದ್ದಲಿಂಗ ಅದನ್ನು ತಿಪ್ಪವ್ವನ ಎಲೆಅಡಿಕೆಯ ಚಂಚಿಯಲ್ಲಿಟ್ಟು ಆಕೆಯ ಸೊಂಟಕ್ಕೆ ಕಟ್ಟಿದ. ಮತ್ತೆ ಗುಂಡು ತೇಲಿಸಿದ. ತಿಪ್ಪವ್ವ ಬೆಚ್ಚಿ ಸೊಂಟ ಹಿಡಿದುಕೊಂಡಳು, ನಕ್ಕಳು. ಲಾಲಬಿ ಚಪ್ಪಾಳೆ ತಟ್ಟಿದಳು. ತಿಪ್ಪವ್ವ ಚಂಚಿಯನ್ನು ಸೊಂಟದಿಂದ ಬಿಚ್ಚಿ ಅಂಗೈಯಲ್ಲಿ ಹಿಡಿದಳು.

“ಇದು ನಡುಗಲಿಲ್ಲ ಅಂದ್ರ ನೀರು ಬಂದಿಲ್ಲ ಅಂತ ತಿಳಕೋಬೇಕೋ, ಇದು ಸತ್ತೈತಿ ಅಂತ ತಿಳಕೋಬೇಕೋ?”

ಸಿದ್ದಲಿಂಗ ಗುಂಡನ್ನು ಬಕೆಟ್ಟಿನಿಂದ ಹೊರಗೆ ತೆಗೆದ.

“ಹೊಳಿ ಬಂದ ಅವತ್ತೂ ನನಗ ಎಲ್ಲಾ ಸುಮ್ನ ಇತ್ತು ತಮ್ಮಾ” ಎಂದಳು ತಿಪ್ಪವ್ವ.

ಸಿದ್ದಲಿಂಗ ಚಂಚಿಯನ್ನು ಕಸಿದುಕೊಂಡು ಬೋರ್ಡನ್ನು ಸುಟ್ಟ ಮೋಟಾರುಗಳ ರಾಶಿಗೆ ಬಿಸಾಕಿದ. ‘ಮುದುಕಿಗೆ ಏನ್ ಮಾಡಿದ್ರೂ ಸಾಲೂದಿಲ್ಲ’ ಎಂದು ಒದರುತ್ತ ಅಂಗಡಿ ತೆರೆದಿಟ್ಟೇ ಎಲ್ಲಿಗೋ ಹೊರಟುಹೋದ. ನನಗೆ ಅಳು ಬಂತು. ಒಂದು ತಿಂಗಳು ನಾವಿಬ್ಬರು ಕಾಣದ್ದನ್ನು ಆಕೆ ಒಂದೇ ಗಳಿಗೆಯಲ್ಲಿ ಕಂಡಿದ್ದಳು. ನಮಗೆ ಕಿವಿ ಇದೆ, ಸದ್ದಿಲ್ಲ ಎಂದರೆ ನಾವು ನೆಮ್ಮದಿಯಾಗಿ ಮಲಗುತ್ತೇವೆ.

ಸೋಮವಾರ ಬಸ್ಸು ಇಳಿಯುವಾಗಲೇ ಸಿದ್ದಲಿಂಗ ಎದುರಿಗೆ ಬಂದ. ಬೋರ್ಡನ್ನು ಒರೆಸಿ ಕೈಯಲ್ಲಿ ಹಿಡಿದಿದ್ದ.

“ಅಕ್ಕೋರ, ಅಕ್ಕ ಹೇಳಿದ್ದು ಖರೇ ಐತ್ರಿ. ನಾ ತಪ್ಪಿದೆ. ತಿರುವಿ ಬರೀಬೇಕು ನಾವು.”

ಐದು ಸಂಜೆ ಕೂತು ತಿರುವಿ ಬರೆದೆವು. ಸಿದ್ದಲಿಂಗ ಹೊಲದ ಕರಿಕೆ ತೆಗೆಸಿ, ಹಳ್ಳದ ದಂಡೆಗೆ ಕಂಬ ನೆಟ್ಟ. ಈಗ ಕಂಬದ ಬೋರ್ಡು ಎರಡು ನಿಮಿಷಕ್ಕೊಮ್ಮೆ ‘ಹಳ್ಳ ಒಣಗಿದೆ’ ಎಂಬ ಸುದ್ದಿ ಕಳಿಸುತ್ತದೆ, ಚಂಚಿ ಮೆಲ್ಲಗೆ ಒಂದು ಸಲ ಮಿಡಿಯುತ್ತದೆ. ನೀರು ಬಂದರೆ, ಬ್ಯಾಟರಿ ಮುಗಿದರೆ, ಕಂಬವೇ ಕೊಚ್ಚಿಹೋದರೆ ಆ ಮಿಡಿತ ನಿಲ್ಲುತ್ತದೆ. ನಿಂತರೆ ಎದ್ದು ಬರಬೇಕು, ಯಾಕೆ ಎಂದು ಯೋಚಿಸುತ್ತ ಕೂಡ್ರಬಾರದು. ಸಿದ್ದಲಿಂಗ ಇದನ್ನು ಸನ್ನೆ ಮಾಡಿ ಹತ್ತು ಸಲ ಹೇಳಿದ. ಅಗಿಯಲ್ಲಿ ಅರ್ಧ ಬಲಿತು ಕೆಟ್ಟಿತ್ತು. ಉಳಿದರ್ಧವನ್ನು ಬುಟ್ಟಿಯಲ್ಲಿಟ್ಟುಕೊಂಡು ತಿಪ್ಪವ್ವ ಎರಡು ವರ್ಷದ ಮೇಲೆ ಹಳ್ಳ ದಾಟಿದಳು.

ಮೊದಲ ಎರಡು ದಿನ ಸಿದ್ದಲಿಂಗನ ಕೈಯಲ್ಲಿ ಒಂದು ಮೋಟಾರೂ ಮುಗಿಯಲಿಲ್ಲ. ಮೂರನೆಯ ದಿನ ಶನಿವಾರ, ಮಧ್ಯಾಹ್ನಕ್ಕೆ ಸಾಲಿ ಬಿಟ್ಟು ನಾನು ಅಂಗಡಿಯಲ್ಲಿ ಕೂತಿದ್ದೆ. ದೂರದಿಂದಲೇ ತಿಪ್ಪವ್ವನ ದನಿ ಕೇಳಿತು. ಸಿದ್ದಲಿಂಗನ ಕೈಯ ಇಕ್ಕಳ ಕೆಳಗೆ ಬಿತ್ತು. ಆಕೆ ಖಾಲಿ ಬುಟ್ಟಿ ಬೀಸುತ್ತ, ಬೈಯುತ್ತ ಬಂದಳು.

“ನಿನ್ನ ಡಬ್ಬಿಗೆ ಬೆಂಕಿ ಹತ್ತಲಿ! ಒಂದು ಸಾಲು ಉಳಿದಿತ್ತು, ಒಂದ ಸಾಲು! ಇದು ಸುಮ್ನಾತು, ಎದ್ದು ಬಂದೆ. ಬಂದು ನೋಡಿದ್ರ ಹಳ್ಳದಾಗ ಹನಿ ನೀರಿಲ್ಲ. ಯಾರದೋ ಎಮ್ಮಿ ಮೈ ತಿಕ್ಕಿ ಕಂಬ ಕೆಡವೈತಿ. ಗಟ್ಟಿ ಹುಗಿಯಾಕ ಬರೂದಿಲ್ಲೇನು ನಿನಗ? ಉರಿಬಿಸಲಾಗ ಅಗಿ ಹಂಗ ಬಿಟ್ಟು ಬಂದೀನಿ!”

ಬಸ್ ನಿಲ್ದಾಣದ ಜನವೆಲ್ಲ ತಿರುಗಿ ನೋಡಿತು. ಯಾರಿಂದಲೂ ಒಂದು ಮಾತು ಕೇಳಿಸಿಕೊಳ್ಳದ ಸಿದ್ದಲಿಂಗ ಅಷ್ಟೂ ಬೈಗುಳವನ್ನು ನಿಂತು ಕೇಳಿದ. ಅವನು ಆಕೆಯ ಮುಖ ನೋಡುತ್ತಿರಲಿಲ್ಲ. ಆಕೆಯ ಸೀರೆಯ ಅಂಚು ನೋಡುತ್ತಿದ್ದ. ಒಣಗಿಯೇ ಇತ್ತು.