ದೊಡ್ಡಮ್ಮ ಬಾಯಿ ಮುಚ್ಚಿದ ದಿನ

ನಮ್ಮ ಶಿಶುಕೇಂದ್ರದಲ್ಲಿ ಅಡುಗೆಮನೆ ನನ್ನದು, ಊಟದ ಕೋಣೆ ದೊಡ್ಡಮ್ಮನದು. ನಡುವೆ ಒಂದು ಕಿಟಕಿ. ಆ ಕಿಟಕಿಯಲ್ಲಿ ನಾನು ಬಟ್ಟಲು ಕೊಡುತ್ತೇನೆ, ಅವಳು ಮಾತು ಕೊಡುತ್ತಾಳೆ. ಹನ್ನೊಂದು ವರ್ಷದಿಂದ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಮಕ್ಕಳಿಗೆಲ್ಲ ಅವಳು ದೊಡ್ಡಮ್ಮ. ನನಗಿಂತ ಬರೀ ನಾಲ್ಕು ವರ್ಷ ದೊಡ್ಡವಳಾದರೂ ನಾನೂ ಹಾಗೇ ಕರೆಯುತ್ತೇನೆ, ಕರೆದರೆ ಉರಿದುಬೀಳುತ್ತಾಳೆ ಎಂಬ ಒಂದೇ ಸಂತೋಷಕ್ಕೆ.

ಅವಳ ಕೆಲಸ ಏನು ಎಂದು ಹೇಳಿದರೆ ಕೆಲವರು ನಗುತ್ತಾರೆ. ಒಂದೂವರೆ, ಎರಡು ವರ್ಷದ ಕೂಸುಗಳಿಗೆ ಚಮಚದಲ್ಲಿ ತಾವೇ ತಿನ್ನಲು ಕಲಿಸುವುದು. ನಗುವವರು ಒಂದು ದಿನ ಬಂದು ನಮ್ಮ ನೆಲ ಒರೆಸಲಿ, ಆಮೇಲೆ ಮಾತಾಡೋಣ. ಗಿಡ್ಡ ಚಮಚ, ಅದರ ಹಿಡಿಗೆ ಬಟ್ಟೆ ಪಟ್ಟಿ ಸುತ್ತಿರಬೇಕು. ಬಟ್ಟಲು ಜಾರದಂತೆ ಕೆಳಗೆ ಒದ್ದೆ ಬಟ್ಟೆ. ನಾನು ಆಲೂಗಡ್ಡೆ, ಕುಂಬಳಕಾಯಿ ಬೇಯಿಸಿ ಹಿಸುಕಿ ಕೊಡಬೇಕು, ಅದೂ ಚಮಚ ತಲೆಕೆಳಗಾದರೂ ಬೀಳದಷ್ಟು ಗಟ್ಟಿಯಾಗಿ. ಒಂಚೂರು ನೀರಾಯಿತೋ, ಕಿಟಕಿಯಲ್ಲಿ ನನಗೆ ಪೂಜೆ. ಅವಳು ಮಗುವಿನ ಹಿಂದೆ ಕೂತು ಮೊದಲ ವಾರ ಅದರ ಮುಷ್ಟಿಯ ಮೇಲೆ ತನ್ನ ಮುಷ್ಟಿ ಇಡುತ್ತಾಳೆ. ಆಮೇಲೆ ಮಣಿಕಟ್ಟಿಗೆ ಎರಡು ಬೆರಳು. ಆಮೇಲೆ ಮೊಣಕೈಗೆ ಒಂದೇ ಬೆರಳು. ಒಂದು ದಿನ ಆ ಬೆರಳನ್ನೂ ತೆಗೆದುಬಿಡುತ್ತಾಳೆ, ಮಗುವಿಗೆ ಗೊತ್ತೇ ಆಗುವುದಿಲ್ಲ.

ಮೂರು ತಿಂಗಳ ಮಟ್ಟಿಗೆಂದು ಬಂದವಳು ಇಪ್ಪತ್ತಾರು ವರ್ಷ ಉಳಿದಳು. ಊರಲ್ಲಿ ಅರ್ಧ ಜನ ಅವಳ ಕೈಯಲ್ಲಿ ಪಳಗಿದವರೇ. ಬ್ಯಾಂಕಿನಲ್ಲಿ ಟೈ ಕಟ್ಟಿ ಕೂತ ಗುಮಾಸ್ತನನ್ನು ತೋರಿಸಿ, ಸಾಲಲ್ಲಿ ನಿಂತವರಿಗೆಲ್ಲ ಕೇಳುವಂತೆ, "ಇವನ ಮೂಗಿಂದ ನಾನು ಬಟಾಣಿ ತೆಗೆದಿದ್ದೀನಿ" ಎಂದು ಹೇಳಿದಳು. ಪಾಪ, ಆ ಹುಡುಗನ ಕಿವಿಯೆಲ್ಲ ಕೆಂಪಾಯಿತು.

ಇಂಥವಳನ್ನೂ ಒಬ್ಬ ಸೋಲಿಸಿದ. ಎರಡೂವರೆ ವರ್ಷದ ಪೋರ. ಊಟಕ್ಕೆ ಕೂತರೆ ಕೈ ಮಡಿಲಲ್ಲಿ, ಬಾಯಿ ಅಗಲ, ಬಡಿಸುವವರು ಬರಲಿ ಎಂಬ ಠೀವಿ. ನಾನು ಅವನಿಗೆ ಸಾಹೇಬ ಎಂದು ಹೆಸರಿಟ್ಟೆ. ಮುಷ್ಟಿ ಹಿಡಿದಿರುವವರೆಗೆ ಚೆನ್ನಾಗಿಯೇ ತಿನ್ನುತ್ತಿದ್ದ. ಕೈ ಬಿಟ್ಟರೆ ಮುಗಿಯಿತು, ಚಮಚ ಪಕ್ಕದ ಕೂಸಿನ ಕೆನ್ನೆಗೆ, ಇಲ್ಲವೇ ಹಿಂದೆ ಕೂತ ದೊಡ್ಡಮ್ಮನ ಕಿವಿಗೆ. "ತುಂಟತನಕ್ಕೂ ಒಂದು ಮಿತಿ ಬೇಡ್ವೇನೋ!" ಎಂದು ನಾನೇ ಎಷ್ಟು ಸಲ ಗದರಿದೆನೋ.

ಸಾಹೇಬನ ತಾಯಿ ಬಸ್ ಕಂಡಕ್ಟರ್. ಮನೆಯಲ್ಲಿ ಇರುವುದು ಇವರಿಬ್ಬರೇ. ಕೇಂದ್ರ ನಡೆಸುವ ನಮ್ಮ ಮೇಡಂ ಅವಳನ್ನು ಕರೆದು ನಿಯಮ ಹೇಳಿದರು. ಶುಕ್ರವಾರ ತಾವೇ ಬಂದು ನೋಡುತ್ತಾರೆ. ತಾನೇ ತಿಂದರೆ ಸೋಮವಾರದಿಂದ ಮಹಡಿಯ ದೊಡ್ಡ ಮಕ್ಕಳ ಕೋಣೆಗೆ. ಅಲ್ಲಿ ಇಪ್ಪತ್ತನಾಲ್ಕು ಮಕ್ಕಳಿಗೆ ಒಬ್ಬಳೇ ಆಯಾ, ಯಾರಿಗೂ ತಿನ್ನಿಸುವುದಿಲ್ಲ. ತಿನ್ನಲು ಬರದಿದ್ದರೆ ಮಧ್ಯಾಹ್ನ ಮನೆಯವರೇ ಬಂದು ತಿನ್ನಿಸಬೇಕು. ಕೆಳಗೆ ಇಟ್ಟುಕೊಳ್ಳಲು ಜಾಗ ಇಲ್ಲ.

"ಮಧ್ಯಾಹ್ನ ನಾನು ಬಸ್ಸಲ್ಲಿ ಇರ್ತೀನಿ ದೊಡ್ಡಮ್ಮ. ನಡುವೆ ಇಳಿದು ಬರೋಕೆ ಆಗುತ್ತಾ?" ಎಂದಳು ಕಂಡಕ್ಟರ್. "ಕೆಲಸ ಬಿಡಬೇಕು, ಅಷ್ಟೇ."

"ಸುಮ್ನಿರೇ, ನಾನಿಲ್ವಾ" ಎಂದಳು ದೊಡ್ಡಮ್ಮ. ಕಂಡಕ್ಟರ್ ಹೋದ ಮೇಲೆ ಕಿಟಕಿಗೆ ಬಂದು ನನ್ನ ಮುಖ ನೋಡಿದಳು.

ಆ ತಾಯಿಯ ಬಸ್ಸು ದಿನವೂ ಒಂದೂಕಾಲಿಗೆ ನಮ್ಮ ಎದುರಿನ ನಿಲ್ದಾಣಕ್ಕೆ ಬರುತ್ತದೆ. ಅವಳು ಬಾಗಿಲಲ್ಲಿ ನೇತಾಡಿಕೊಂಡು ನಮ್ಮ ಕಡೆ ನೋಡುವಳು. ಇತ್ತ ಗೇಟಿನಲ್ಲಿ ನಿಂತ ದೊಡ್ಡಮ್ಮ, ಇಲ್ಲ ಎಂದು ತಲೆಯಾಡಿಸುವಳು. ಸೋಮವಾರ ಇಲ್ಲ. ಮಂಗಳವಾರವೂ ಇಲ್ಲ.

ಬುಧವಾರ ದೊಡ್ಡಮ್ಮ ಸಾಹೇಬನ ಪಕ್ಕ ಕೂತು, ಕುಂಬಳಕಾಯಿ ಇವತ್ತು ಸಪ್ಪೆ ಎಂದು ನನ್ನ ಜೊತೆ ಜಗಳಕ್ಕೆ ಬಿದ್ದಿದ್ದಳು. ಬಾಯಿ ಆಡುತ್ತಲೇ ಇತ್ತು. ಸಾಹೇಬ ಚಮಚ ತುಂಬಿಕೊಂಡ, ಎತ್ತಿದ, ಸೀದಾ ಅವಳ ಬಾಯೊಳಗೆ ಇಟ್ಟ. ಒಂಚೂರೂ ಚೆಲ್ಲಲಿಲ್ಲ. ಇಟ್ಟು, ಥೇಟ್ ಅವಳ ಧಾಟಿಯಲ್ಲೇ "ಆಂ... ಜಾಣ" ಎಂದ.

ದೊಡ್ಡಮ್ಮ ನುಂಗಿದಳು. ನನ್ನತ್ತ ತಿರುಗಿದಳು.

"ಇವನಿಗೆ ಚಮಚ ಹಿಡಿಯೋಕೆ ಬರುತ್ತೆ ಕಣೇ! ನಮಗಿಂತ ಚೆನ್ನಾಗಿ ಬರುತ್ತೆ. ಚಮಚ ಯಾರ ಕೈಲಿದೆಯೋ ಅವರು ಇನ್ನೊಬ್ಬರಿಗೆ ತಿನ್ನಿಸಬೇಕು ಅಂದ್ಕೊಂಡಿದ್ದಾನೆ!"

"ಯಾಕಂತೆ?"

"ಚಮಚ ಹಿಡಿದ ದೊಡ್ಡವರು ತಾವೇ ತಿಂದದ್ದನ್ನ ಇವನು ಯಾವತ್ತು ನೋಡಿದ್ದಾನೆ? ಅವರಮ್ಮ ಇವನು ಮಲಗಿದ ಮೇಲೆ ಉಣ್ತಾಳೆ. ನಾವೂ ಅಷ್ಟೇ."

ನಿಜ. ಮಕ್ಕಳು ಮಲಗಿದ ಮೇಲೆಯೇ ಕೆಲಸದವರು ಊಟ ಮಾಡಬೇಕೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಅಯ್ಯೋ ಕಂದ, ನೀನು ಉಪಚಾರ ಮಾಡುತ್ತಿದ್ದೆ, ನಾನು ಗದರುತ್ತಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಗುರುವಾರ ದೊಡ್ಡಮ್ಮ ಇನ್ನೊಂದು ಬಟ್ಟಲು ಕೇಳಿ ಪಡೆದು ಸಾಹೇಬನ ಎದುರು ಕೂತಳು. ತಾನು ಒಂದು ಚಮಚ ತಿನ್ನುವುದು, ಬಾಯಿ ಮುಚ್ಚಿಕೊಳ್ಳುವುದು, ಅವನ ಚಮಚ ಬಂದರೆ ತೆರೆಯದಿರುವುದು. ಇಷ್ಟೇ ಉಪಾಯ. ಆದರೆ ಬಾಯಿ ಮುಚ್ಚಬೇಕಾದವಳು ಯಾರು? ಚಮಚ ಎದ್ದ ಕೂಡಲೇ "ಅಯ್ಯೋ ನನ್ ಬಂಗಾರ" ಎಂದಳು, ಚಮಚ ಒಳಗೆ. "ಥೂ, ಹೋಯ್ತಲ್ಲೇ" ಎಂದಳು, ಇನ್ನೊಂದು ಒಳಗೆ. ಸಾಹೇಬನ ಬಟ್ಟಲು ಪೂರ್ತಿ ಅವಳೇ ತಿಂದಳು. ಒಂದೂಕಾಲಿಗೆ ಗೇಟಿಗೆ ಹೋಗಿ ತಲೆಯಾಡಿಸಿ ಬಂದವಳ ಕಣ್ಣು ಕೆಂಪಾಗಿತ್ತು.

"ನಾಳೆ ಬಾಯಿಗೆ ಬೀಗ ಹಾಕ್ಕೊಂಡು ಬಾ. ನಿನ್ನ ಬಾಯಿಂದ ಆ ಹುಡುಗಿ ಕೆಲಸ ಹೋದ್ರೆ ನಾನು ನಿನ್ನ ಸುಮ್ನೆ ಬಿಡಲ್ಲ" ಎಂದೆ.

ಶುಕ್ರವಾರ ಹನ್ನೆರಡೂವರೆಗೆ ಮೇಡಂ ಬಂದು ಬಾಗಿಲಲ್ಲಿ ನಿಂತರು. ಮಕ್ಕಳ ಹೊತ್ತಿನಲ್ಲಿ ದೊಡ್ಡಮ್ಮ ಬಟ್ಟಲು ಇಟ್ಟುಕೊಂಡು ತಿನ್ನುತ್ತಿರುವುದನ್ನು ಕಂಡು ಹುಬ್ಬು ಗಂಟಿಕ್ಕಿ, "ಇದೇನಿದು..." ಎನ್ನುವಷ್ಟರಲ್ಲಿ ನಾನು ಕಿಟಕಿಯಿಂದ "ಶ್!" ಎಂದೆ. ಸಂಬಳ ಕೊಡುವವರಿಗೆ ಹಾಗೆ ಹೇಳಬಾರದು. ಹೇಳಿಬಿಟ್ಟೆ.

ಸಾಹೇಬ ಚಮಚ ತುಂಬಿ ದೊಡ್ಡಮ್ಮನ ತುಟಿಗೆ ತಂದ. ಅವಳು ಬಾಯಿ ಬಿಗಿಹಿಡಿದಳು. ಅವನು ಚಮಚದಿಂದ ತುಟಿ ತಟ್ಟಿದ. "ಆಂ" ಎಂದ. ಅವಳ ಕೆನ್ನೆ ಅದುರಿತು, ಗಂಟಲಲ್ಲಿ ಮಾತು ಬಂದು ಕುಳಿತದ್ದು ನನಗೆ ಇಲ್ಲಿಂದಲೇ ಕಂಡಿತು. ನುಂಗು ಮಾರಾಯ್ತಿ, ನುಂಗು! ಅವಳು ನುಂಗಿದಳು. ತನ್ನ ಚಮಚ ಎತ್ತಿ, ತನ್ನ ಬಾಯಿಗೇ ಇಟ್ಟು, ಮೆಲ್ಲಗೆ ಅಗಿದಳು.

ಸಾಹೇಬ ಅವಳ ಚಮಚ ನೋಡಿದ. ತನ್ನದನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ತಿರುಗಿಸಿ ತನ್ನ ಬಾಯಿಗೆ ಇಟ್ಟುಕೊಂಡ. ಅವನ ಕಣ್ಣು ಅರಳಿತು. ಮತ್ತೆ ಒಂದು. ಮತ್ತೆ ಒಂದು. ಬಟ್ಟಲು ಖಾಲಿಯಾಗುವವರೆಗೆ ದೊಡ್ಡಮ್ಮ ತುಟಿ ಬಿಚ್ಚಲಿಲ್ಲ, ಕಣ್ಣಿಂದ ಮಾತ್ರ ನೀರು ಇಳಿಯುತ್ತಿತ್ತು. ಬದುಕಿದೆಯಾ ಬಡಜೀವವೇ ಎಂದು ನಾನು ಅಲ್ಲೇ ಅಕ್ಕಿ ಡಬ್ಬದ ಮೇಲೆ ಕುಸಿದು ಕೂತೆ.

"ಸೋಮವಾರ ಮೇಲಕ್ಕೆ ಕಳಿಸಿ" ಎಂದರು ಮೇಡಂ. ಎರಡು ಹೆಜ್ಜೆ ಹೋದವರು ತಿರುಗಿ, "ಇನ್ಮೇಲೆ ನೀವೂ ಮಕ್ಕಳ ಜೊತೇನೇ ಊಟ ಮಾಡಿ" ಎಂದರು.

ಒಂದೂಕಾಲಿಗೆ ಬಸ್ಸು ಬಂತು. ದೊಡ್ಡಮ್ಮ ಗೇಟಿನಲ್ಲಿ ನಿಲ್ಲಲಿಲ್ಲ. ಚಮಚ ಹಿಡಿದುಕೊಂಡೇ ರಸ್ತೆ ದಾಟಿ ಓಡಿದಳು, ಹಿಂದೆ ನಾನು. "ತಾನೇ ತಿಂದ ಕಣೇ! ಪೂರ್ತಿ ತಿಂದ! ನಿನ್ನ ಕೆಲಸ ಎಲ್ಲೂ ಹೋಗಲ್ಲ!" ಎಂದು ಕೂಗಿದ್ದು ಇಡೀ ಬಸ್ಸಿಗೆ ಕೇಳಿತು. ಕಂಡಕ್ಟರ್ ಏನು ಮಾಡಬೇಕೆಂದು ತೋಚದೆ ಸೀಟಿ ಬಾಯಿಗಿಟ್ಟು ಉದ್ದಕ್ಕೆ ಊದಿಬಿಟ್ಟಳು. ಡ್ರೈವರು ಅದನ್ನು ಹೊರಡುವ ಸೂಚನೆ ಎಂದುಕೊಂಡು ಹೊರಟೇಬಿಟ್ಟ. ಅವಳು ಬಾಗಿಲ ಕಂಬಿ ಹಿಡಿದು, ಅಳುತ್ತಾ ನಗುತ್ತಾ, ತಿರುವಿನವರೆಗೂ ಸೀಟಿ ಊದುತ್ತಲೇ ಹೋದಳು.

ದೊಡ್ಡಮ್ಮ ಅವತ್ತು ಸಂಜೆಯವರೆಗೆ ಒಂದೇ ಸಮ ಮಾತಾಡಿದಳು. ನಾನು ಒಂದು ಸಲವೂ ಸಾಕು ನಿಲ್ಲಿಸು ಎನ್ನಲಿಲ್ಲ.