ಹೆಬ್ಬೆಟ್ಟಿನ ಮರೆಯಲ್ಲಿ

ಪಾರ್ವತೀ, ಊರಿನವರ ಕಣ್ಣಲ್ಲಿ ನಿನ್ನನ್ನು ಗಯ್ಯಾಳಿ ಮಾಡಿದವನು ನಾನು. ನೀನು ಆಡದ ಮಾತನ್ನು ನಿನ್ನ ಹೆಸರಿನಲ್ಲಿ ಆಡಿ, ಇಷ್ಟು ವರ್ಷ ಹಾಯಾಗಿದ್ದೆ.

ಐವತ್ತರ ದಶಕದ ಕೊನೆ. ಶಿಕಾರಿಪುರದಲ್ಲಿ ನಮ್ಮ ಬಟ್ಟೆ ಅಂಗಡಿ ಆಗಿನ್ನೂ ಹೊಸದು. ಎದುರಿಗೆ ನಿಂತವರಿಗೆ ಇಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಯಾರು ಏನು ಕೇಳಿದರೂ, ನಮ್ಮ ಮನೆಯಾಕೆ ಒಪ್ಪುವುದಿಲ್ಲ ಅಂದುಬಿಡುತ್ತಿದ್ದೆ. ನೀನೋ, ಪಾಪ, ಒಳಗೆ ರೊಟ್ಟಿ ಬಡಿಯುತ್ತಿರುತ್ತಿದ್ದೆ. ಒಮ್ಮೆ ಇಂಗ್ಲಿಷ್ ಮೇಷ್ಟ್ರು ನಾಟಕದಲ್ಲಿ ಪಾರ್ಟು ಮಾಡಿ ಎಂದು ಕರೆಯಲು ಬಂದರು. ಅವರಿಗೂ ಅದೇ ಉತ್ತರ. ಅವರು ನಕ್ಕು, ಇಂಗ್ಲಿಷಿನಲ್ಲಿ ನಿಮ್ಮಂಥವರನ್ನು ಹೆಂಡತಿಯ ಹೆಬ್ಬೆಟ್ಟಿನ ಕೆಳಗಿರುವವರು ಅನ್ನುತ್ತಾರೆ ಎಂದರು. ಅಂಗಡಿಯಲ್ಲಿದ್ದವರ ತಲೆಗೆ ಇಂಗ್ಲಿಷು ಹೋಗಲಿಲ್ಲ, ಹೆಬ್ಬೆಟ್ಟು ಮಾತ್ರ ಹೋಯಿತು. ಅಂದಿನಿಂದ ನಾನು ಹೆಬ್ಬೆಟ್ಟು ವೀರಣ್ಣ. ಆ ಹೆಸರು ಕೇಳಿ ನನ್ನನ್ನು ಓದುಬರಹ ಬಾರದವನೆಂದೇ ತಿಳಿದ ತಾಳಗುಂದದ ಗಿರಾಕಿಯೊಬ್ಬರು, ನಾನೇ ಬರೆದ ಬೋರ್ಡನ್ನು ನನಗೇ ಬಿಡಿಸಿ ಬಿಡಿಸಿ ಓದಿ ಹೇಳಿದರು. ನಾನೂ ತಲೆಯಾಡಿಸಿದೆ. ನಿನ್ನ ಹಿಂದೆ ಅಡಗಲು ಅಷ್ಟು ಅನುಕೂಲವಾಗಿತ್ತು ನನಗೆ ಆ ಹೆಸರು.

ಅಷ್ಟಕ್ಕೇ ನಿಂತಿದ್ದರೆ —

ನಿನ್ನ ಅಪ್ಪ ನಿನ್ನ ತವರೂರು ಜಡೆಯಿಂದ ಸೊರಬಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ನಮ್ಮ ಮನೆಗೆ ಬಂದ ದಿನ ನೀನು ನೀರಿಗೆ ಹೋಗಿದ್ದೆ. ನಿನ್ನ ತಂಗಿ ಶಾಂತಾಳನ್ನು ನಮ್ಮಲ್ಲಿಟ್ಟುಕೊಂಡು ಹೈಸ್ಕೂಲು ಓದಿಸಬೇಕೆಂದು ಕೇಳಿದರು. ಅವಳು ಬಂದರೆ ನಡುಮನೆಯಲ್ಲಿ ಕಾಲು ಚಾಚಿ ಮಲಗುವ ನನ್ನ ಮಧ್ಯಾಹ್ನದ ನಿದ್ದೆ — ಅಷ್ಟೇ ಪಾರ್ವತಿ, ಬರೀ ಒಂದು ನಿದ್ದೆ.

"ನಂದೇನಿಲ್ಲ ಮಾವ. ನಿಮ್ ಮಗಳೇ ಬ್ಯಾಡ ಅಂತಾಳೆ."

ನೀನು ಕೊಡ ಹೊತ್ತು ಬರುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಬಂದಿದ್ದರೆಂದೂ ನಾನು ಹೇಳಲಿಲ್ಲ. ಶಾಂತಾಳ ಓದು ಅಲ್ಲಿಗೇ ನಿಂತಿತು. ಆ ಬೇಸಿಗೆಯಲ್ಲೇ, ಜಡೆಯಲ್ಲೇ ಒಂದು ಮನೆಗೆ ಅವಳನ್ನು ಕೊಟ್ಟರು. ಮದುವೆಯಲ್ಲಿ ಅವಳು ನಿನ್ನ ಮುಖ ನೋಡಲಿಲ್ಲ.

"ನನ್ನಿಂದೇನಾರ ತಪ್ಪಾತೇನ್ರೀ?" ಎಂದು ನೀನು ಕೇಳಿದೆ. ಏನಿಲ್ಲ ಬಿಡು, ಹುಡುಗಿಗೆ ಜಂಬ — ಎಂದೆ. ಮೊದಲ ಸುಳ್ಳಿಗಿಂತ ಇದು ಕೆಟ್ಟದ್ದು. ಇವತ್ತಿಗೂ ಅವಳು ನಮ್ಮ ಹೊಸ್ತಿಲು ತುಳಿದಿಲ್ಲ. ಎಲ್ಲಿ ತಪ್ಪಿದೆನೋ ಎಂದು ಹುಡುಕುವುದನ್ನು ನೀನು ಇನ್ನೂ ಬಿಟ್ಟಿಲ್ಲ.

ನನಗೆ ನಾಚಿಕೆಯಾಗುತ್ತದೆ. ನಾಳೆ ಜಡೆಗೆ ಹೋಗಿ ಶಾಂತಾಳ ಎದುರು ನಿಂತು, ಇದನ್ನೆಲ್ಲ ನನ್ನ ಹೆಸರಿನಲ್ಲೇ ಹೇಳುತ್ತೇನೆ. ಆಮೇಲೆ ನಾನು ಈ ಮನೆಗೆ ವಾಪಸು ಬರುವುದು ಬೇಡ ಎನ್ನುವುದಿದ್ದರೆ — ಈ ಸಲ ನೀನೇ ಅನ್ನು.