ನಳಿಕೆಯ ಊಟ

ಇಸ್ತ್ರಿಯಮ್ಮನ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಒಂದು ಮೇಜು, ಅದರ ಮೇಲೆ ಮಡಚಿ ಹಾಸಿದ ಹಳೆಯ ಕಂಬಳಿ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದಲ್ಲಿ ಬೀದಿಯವರ ಅಂಗಿಗಳು. ಹಿಂದೆ ಒಂದು ಪರದೆ. ಪರದೆಯಾಚೆ ಮಂಚ, ಮಂಚದ ಮೇಲೆ ಮಗ. ಪರದೆಯನ್ನು ಅವಳು ಯಾವಾಗಲೂ ಅರ್ಧ ಸರಿಸಿಯೇ ಇಡುತ್ತಿದ್ದಳು. ಕೈ ಇಲ್ಲಿ, ಕಣ್ಣು ಅಲ್ಲಿ. ಹಾಗಿದ್ದೂ ಹನ್ನೆರಡು ವರ್ಷದಲ್ಲಿ ಒಬ್ಬರ ಬಟ್ಟೆಯನ್ನೂ ಸುಟ್ಟವಳಲ್ಲ. ಸುಕ್ಕು ಉಳಿದಿದೆ ಎಂದು ಯಾರಾದರೂ ಮೂಗು ಮುರಿದರೆ ಮಾತ್ರ ಬಿಡುತ್ತಿರಲಿಲ್ಲ. "ಸುಕ್ಕು ಅಂಗೀಲಿಲ್ಲ ಸ್ವಾಮಿ, ನಿಮ್ಮ ಹಣೇಲಿದೆ. ಅದಕ್ಕೆ ನನ್ನ ಹತ್ರ ಪೆಟ್ಟಿಗೆ ಇಲ್ಲ" ಎಂದು ಬಟ್ಟೆಯ ಗಂಟನ್ನು ಕೈಗೆ ತುರುಕಿ ಕಳಿಸುತ್ತಿದ್ದಳು.

ಮಗನನ್ನು ಬೀದಿಗೆ ಬೀದಿಯೇ ಬಲ್ಬು ಎಂದು ಕರೆಯುತ್ತಿತ್ತು. ವೈರಿಂಗ್ ಕೆಲಸದವನು. ಯಾರ ಮನೆಯಲ್ಲಿ ದೀಪ ಹೋದರೂ "ಬಲ್ಬೂ, ಸ್ವಲ್ಪ ಬಂದು ಹೋಗಪ್ಪ" ಎಂದರೆ ಸಾಕು, ಊಟದ ತಟ್ಟೆ ಬಿಟ್ಟು ಓಡುತ್ತಿದ್ದ. ಹಾಗೆ ಓಡಿದ ಒಂದು ದಿನ, ಮೇನ್ ಆಫ್ ಆಗಿದೆ ಎಂದು ಯಾರೋ ಕೆಳಗಿನಿಂದ ಕೂಗಿದರು. ಆಗಿರಲಿಲ್ಲ. ನಿಂತ ಎದೆಯನ್ನು ಆಸ್ಪತ್ರೆಯವರು ಮತ್ತೆ ಬಡಿಯುವ ಹಾಗೆ ಮಾಡಿದರು. ಅಷ್ಟರಲ್ಲಿ ಮಿದುಳು ಕೆಟ್ಟುಹೋಗಿತ್ತು. ಅವತ್ತಿನಿಂದ ಬಲ್ಬು ಉಸಿರಾಡುತ್ತಾನೆ, ಕಣ್ಣು ತೆರೆಯುತ್ತಾನೆ, ಮುಚ್ಚುತ್ತಾನೆ. ಇನ್ನೇನೂ ಇಲ್ಲ. ಹೊಟ್ಟೆಗೆ ಒಂದು ನಳಿಕೆ ಹಾಕಿ ಮನೆಗೆ ಕಳಿಸಿದರು. ಅಪ್ಪ ಎಂಬುವವನು ಮೂರು ವರ್ಷ ನೋಡಿದ, ಆಮೇಲೆ ಎದೆ ಹಿಡಿದುಕೊಂಡು ಹೊರಟೇಹೋದ. ಪುಣ್ಯಾತ್ಮ, ತಪ್ಪಿಸಿಕೊಂಡ ಎಂದು ಇಸ್ತ್ರಿಯಮ್ಮ ಸಿಟ್ಟಿನಲ್ಲಿ ಹೇಳುವುದುಂಟು.

ಉಳಿದದ್ದೆಲ್ಲ ಅವಳ ಮೇಲೆ. ಬೇಳೆ ತರಕಾರಿ ಬೇಯಿಸಿ, ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ಬಿಸಿ ಎಷ್ಟಿದೆ ಎಂದು ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ನೋಡಿ, ಆಮೇಲೆ ನಳಿಕೆಗೆ ಹನಿಹನಿಯಾಗಿ ಹಾಕಬೇಕು. ಹಾಕುವ ಮೊದಲು ಅವನಿಗೆ ಹೇಳುತ್ತಿದ್ದಳು: "ಇವತ್ತು ಕುಂಬಳಕಾಯಿ ಕಣೋ", "ಇವತ್ತು ಬರೀ ಬೇಳೆ, ಮುಖ ಸಿಂಡರಿಸಬೇಡ." ಹೇಳುತ್ತ ಅವನ ಕಣ್ಣನ್ನೇ ನೋಡುತ್ತಿದ್ದಳು. ಹೊತ್ತು ಹೊತ್ತಿಗೆ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಬೆಳೆದ ಗಂಡಸಿನ ಮೈ, ಹೆಣಭಾರ. ಹೆಣಭಾರ ಎಂಬ ಮಾತನ್ನು ಅವಳು ಒಮ್ಮೆ ಬಾಯಿಬಿಟ್ಟು ಅಂದು, ಮರುಕ್ಷಣ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಿದ್ದಳು.

ಹೀಗೇ ನಡೆಯುತ್ತಿತ್ತೇನೋ. ಆದರೆ ಒಂದು ಬೆಳಿಗ್ಗೆ ಅವಳ ಬಲಗೈ ಮೇಲೇಳಲಿಲ್ಲ. ಸಂಜೆ ಹೊತ್ತಿಗೆ ಸರಿಹೋಯಿತು, ಆದರೆ ವೈದ್ಯರು ಸುತ್ತಿಬಳಸದೆ ಹೇಳಿದರು: ಇದು ಮುನ್ಸೂಚನೆ, ಮುಂದಿನ ಸಲ ಕೈ ವಾಪಸು ಬರುತ್ತದೆ ಎಂಬ ಖಾತ್ರಿ ಇಲ್ಲ. ಇಸ್ತ್ರಿಯಮ್ಮ ಮನೆಗೆ ಬಂದು ಮಂಚದ ಕಾಲ ಬುಡದಲ್ಲಿ ಕೂತಳು. ತಾನು ಬಿದ್ದರೆ ಇವನನ್ನು ಯಾರು ಮಗ್ಗುಲು ಹೊರಳಿಸುತ್ತಾರೆ? ಮಗಳಿದ್ದಾಳೆ, ನಿಜ. ಅವಳಿಗೆ ಅವಳದೇ ಸಂಸಾರ, ಔಷಧಿ ಅಂಗಡಿಯಲ್ಲಿ ನಿಂತೇ ಮಾಡುವ ಕೆಲಸ. ಯಾವುದೋ ಆಶ್ರಮದ ನೆಲದ ಮೇಲೆ ಇವನ ಬೆನ್ನು ಕೊಳೆಯುವುದು ಇಸ್ತ್ರಿಯಮ್ಮನ ಕಣ್ಣಿಗೆ ಕಟ್ಟಿತು. ಆಗ ಅವಳ ಮನಸ್ಸಿಗೆ ಬಂದ ಆಸೆ ಯಾವ ತಾಯಿಗೂ ಬರಬಾರದ್ದು. ನನಗಿಂತ ಮೊದಲು ಇವನು ಹೋಗಲಿ.

ಆ ಬೀದಿಯಲ್ಲಿ ಒಬ್ಬ ವಕೀಲಮ್ಮ ಇದ್ದರು. ಅವರ ಕರಿ ಕೋಟು ಇಸ್ತ್ರಿಗೆ ಬರುತ್ತಿದ್ದದ್ದು ಇಲ್ಲಿಗೇ. ಕೋಟು ಒಯ್ಯಲು ಬಂದವರ ಮುಂದೆ ಇಸ್ತ್ರಿಯಮ್ಮ ಆ ಮಾತನ್ನು ಹೇಗೋ ಆಡಿಬಿಟ್ಟಳು. ಪಾಪಿಷ್ಠೆ ಎನ್ನುತ್ತಾರೆ ಎಂದುಕೊಂಡಿದ್ದಳು. ವಕೀಲಮ್ಮ ಅನ್ನಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು.

"ನೋಡಿ ಅಮ್ಮ, ಸಂವಿಧಾನದಲ್ಲಿ ಇಪ್ಪತ್ತೊಂದನೇ ವಿಧಿ ಅಂತ ಇದೆ. ಎಲ್ಲರಿಗೂ ಬದುಕುವ ಹಕ್ಕು. ಬದುಕು ಅಂದ್ರೆ ಬರೀ ಉಸಿರಲ್ಲ, ಮರ್ಯಾದೆಯ ಬದುಕು. ಮರ್ಯಾದೆಯಿಂದ ಸಾಯೋದೂ ಅದರಲ್ಲೇ ಸೇರುತ್ತೆ ಅಂತ ದೊಡ್ಡ ಕೋರ್ಟು ಹೇಳಿದೆ. ಇಂಜೆಕ್ಷನ್ ಕೊಟ್ಟು ಸಾಯಿಸೋ ಹಾಗಿಲ್ಲ, ಅದು ಕೊಲೆ. ಆದ್ರೆ ವಾಸಿಯಾಗೋ ಆಸೆಯೇ ಇಲ್ಲ ಅಂತ ಡಾಕ್ಟರುಗಳ ಮಂಡಳಿ ಹೇಳಿದ್ರೆ, ಸುಮ್ಮನೆ ಜೀವ ಎಳೆಯೋ ಚಿಕಿತ್ಸೆ ನಿಲ್ಲಿಸಬಹುದು."

"ಗೆದ್ದವನು ಸೋತ, ಸೋತವನು ಸತ್ತ ಅಂತಾರೆ ಕೋರ್ಟಿಗೆ ಹೋದೋರನ್ನ" ಎಂದಳು ಇಸ್ತ್ರಿಯಮ್ಮ. "ನಮ್ಮ ಕೇಸಲ್ಲಿ ಗೆದ್ರೇ ಸಾಯೋದು, ಅಲ್ವಾ ವಕೀಲಮ್ಮ?"

ಅವಳು ನಕ್ಕಳು. ವಕೀಲಮ್ಮ ನಗಲಿಲ್ಲ.

ನಳಿಕೆ ನಿಲ್ಲಿಸಲು ಅಪ್ಪಣೆ ಕೇಳಿ ವಕೀಲಮ್ಮ ಹಾಕಿದ ಅರ್ಜಿಯನ್ನು ಮೊದಲ ಕೋರ್ಟು ತಳ್ಳಿಹಾಕಿತು. ಇವನು ಯಾವ ಯಂತ್ರದ ಮೇಲೂ ಇಲ್ಲ, ತಾನೇ ಉಸಿರಾಡುತ್ತಾನೆ; ನಳಿಕೆಯಲ್ಲಿ ಹೋಗುವುದು ಆಹಾರ; ಯಾರನ್ನೂ ಉಪವಾಸ ಕೆಡವಿ ಸಾಯಿಸಲು ಕೋರ್ಟು ಅಪ್ಪಣೆ ಕೊಡದು. ಉಪವಾಸ ಎಂಬ ಮಾತು ಕೇಳಿ ಇಸ್ತ್ರಿಯಮ್ಮ ಎರಡು ದಿನ ತಾನೂ ಅನ್ನ ಮುಟ್ಟಲಿಲ್ಲ. ವಕೀಲಮ್ಮ ದೊಡ್ಡ ಕೋರ್ಟಿಗೆ ಹೋದರು. ಅಲ್ಲಿ ನ್ಯಾಯಾಧೀಶರು, ಮೊದಲು ಡಾಕ್ಟರುಗಳ ಮಂಡಳಿ ಮನೆಗೇ ಹೋಗಿ ನೋಡಿಬರಲಿ ಎಂದರು. ಇಡೀ ಕೇಸು ಅವರ ವರದಿಯ ಮೇಲೆ ನಿಂತಿತು.

ಈಗ ಕೇಳಿ, ಈ ತಾಯಿ ಏನು ಮಾಡಿದಳು ಅಂತ. ಮನೆಗೆ ದೊಡ್ಡವರು ಬರುತ್ತಾರೆ ಎಂದರೆ ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಹೊಸ ಚಾದರ ಹಾಸಿದಳು. ಮಗನ ಮೈ ಒರೆಸಿ, ಗಡ್ಡ ತೆಗೆದು, ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಕೊಂಡಿದ್ದ ನೀಲಿ ಅಂಗಿಗೆ ಇಸ್ತ್ರಿ ಹಾಕಿ ತೊಡಿಸಿದಳು. ಬಂದವರು ನಾಲ್ವರು. ಅವನನ್ನು ಹೊರಳಿಸಿ ಬೆನ್ನು ನೋಡಿದರು. ಹಿರಿಯ ಡಾಕ್ಟರಿಗೆ ನಂಬಲಾಗಲಿಲ್ಲ.

"ಇಷ್ಟು ವರ್ಷ! ಒಂದು ಹುಣ್ಣಿಲ್ಲ! ನಮ್ಮ ಆಸ್ಪತ್ರೆಯಲ್ಲೂ ಹೀಗೆ ನೋಡ್ಕೊಳ್ಳೋಕಾಗಲ್ಲ ತಾಯಿ."

ಇಸ್ತ್ರಿಯಮ್ಮ ಉಬ್ಬಿಹೋದಳು. ಅವಳ ಕೆಲಸವನ್ನು ಯಾರಾದರೂ ಹೊಗಳಿ ಎಷ್ಟು ಕಾಲವಾಗಿತ್ತೋ! ಅದೇ ಗಳಿಗೆಯಲ್ಲಿ ಇನ್ನೊಬ್ಬರು ಕೇಳಿದರು: "ನಿಮ್ಮನ್ನ ಗುರುತಿಸ್ತಾನಾ?"

"ಗುರುತಿಸದೆ ಏನು ಸ್ವಾಮಿ! ನಾನು ಬಂದ್ರೆ ಸಾಕು, ಕಣ್ಣು ಈ ಕಡೆಗೇ ಹೊರಳುತ್ತೆ. ಹೆತ್ತವಳಲ್ವಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡಾಕ್ಟರು ಬರೆದುಕೊಂಡರು. ಬಾಗಿಲ ಬಳಿ ನಿಂತಿದ್ದ ಮಗಳ ಮುಖ ಬಿಳುಚಿಕೊಂಡಿತು.

"ಏನಮ್ಮಾ ಮಾಡಿದ್ರಿ!" ಎಂದು ವಕೀಲಮ್ಮ ತಲೆ ಹಿಡಿದುಕೊಂಡು ಕೂತರು. "ಆರೋಗ್ಯ ಸ್ಥಿರ, ಆರೈಕೆ ಅತ್ಯುತ್ತಮ, ತಾಯಿಯನ್ನು ಗುರುತಿಸುತ್ತಾನೆ ಅಂತ ವರದಿ ಬಂದಿದೆ. ಗುರುತಿಸೋ ಮಗನ ಊಟ ನಿಲ್ಲಿಸಿ ಅಂತ ನಾನು ಯಾವ ಬಾಯಲ್ಲಿ ಕೇಳಲಿ?"

ಕೋರ್ಟು, ಇನ್ನೊಂದು ಮಂಡಳಿಯೂ ನೋಡಲಿ, ಎರಡರ ಅಭಿಪ್ರಾಯವೂ ಬೇಕು ಎಂದಿತು. ಅದೊಂದೇ ಉಳಿದ ದಾರಿ.

ಅವತ್ತು ಮಗಳು ಅಡುಗೆಮನೆಯಲ್ಲಿ ಅಮ್ಮನ ಕೈ ಹಿಡಿದುಕೊಂಡಳು. ಕೆಟ್ಟವಳಲ್ಲ ಅವಳು; ಅಮ್ಮನ ಬಲಗೈ ಲೋಟ ಹಿಡಿದಾಗ ನಡುಗುವುದನ್ನು ಬಂದಾಗಲೆಲ್ಲ ನೋಡುತ್ತಿದ್ದವಳು.

"ಅಮ್ಮ, ಅವರು ಬರೋಕೆ ಇನ್ನೂ ಸ್ವಲ್ಪ ದಿನ ಇದೆ. ಅವನನ್ನ ಹೊರಳಿಸಬೇಡ. ಹಾಗೇ ಬಿಟ್ಬಿಡು. ನೀನಿಲ್ಲದಿದ್ರೆ ಅವನ ಗತಿ ಏನಾಗುತ್ತೆ ಅಂತ ಅವರೂ ನೋಡ್ಲಿ."

ಇಸ್ತ್ರಿಯಮ್ಮ ಸಿಡುಕಲಿಲ್ಲ, ಬೈಯಲಿಲ್ಲ. ಅದಕ್ಕೇ ಮಗಳಿಗೆ ಹೆದರಿಕೆಯಾಯಿತು. ಮಾರನೆಯ ದಿನ ಬೆಳಿಗ್ಗೆ ಇಸ್ತ್ರಿಯಮ್ಮ ಪರದೆಯನ್ನು ಪೂರ್ತಿ ಎಳೆದು ಮುಚ್ಚಿ ಇಸ್ತ್ರಿಗೆ ನಿಂತಳು. ಹೊರಳಿಸುವ ಹೊತ್ತು ಬಂತು. ಅವಳು ಒಂದು ಅಂಗಿ ಮುಗಿಸಿ ಇನ್ನೊಂದು ತೆಗೆದುಕೊಂಡಳು. ಹೊತ್ತು ದಾಟಿತು. ಪರದೆಯಾಚೆಯಿಂದ ಸದ್ದಿಲ್ಲ, ಇರುವುದಾದರೂ ಹೇಗೆ, ಹೊರಳಿಸು ಎಂದು ಅವನು ಕೇಳುವವನಲ್ಲವಲ್ಲ! ಬಾಯಿದ್ದವರಾದರೆ ಬೈದುಕೊಳ್ಳುತ್ತಾರೆ. ಅವಳ ಬೆನ್ನು ಉರಿಯತೊಡಗಿತು, ಅವನ ಬೆನ್ನಿಗೆ ಬದಲಾಗಿ ತನ್ನ ಬೆನ್ನೇ. ಏನೋ ಸುಟ್ಟ ವಾಸನೆ. ನೋಡಿದರೆ ಪೆಟ್ಟಿಗೆ ಯಾರದೋ ಬಿಳಿ ಅಂಗಿಯ ಮೇಲೆ ನಿಂತುಬಿಟ್ಟಿದೆ, ಕೆಳಗೆ ಕಂದು ಕಲೆ. ಹನ್ನೆರಡು ವರ್ಷದಲ್ಲಿ ಮೊದಲನೆಯದು. ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು ಒಳಗೆ ನುಗ್ಗಿದಳು. "ತಪ್ಪಾಯ್ತು ಕಂದ, ತಪ್ಪಾಯ್ತು ನನ್ನಪ್ಪ" ಎನ್ನುತ್ತ ಅವನನ್ನು ಹೊರಳಿಸಿ, ಕೆಂಪಾಗಿದ್ದ ಸೊಂಟವನ್ನು ತಿಕ್ಕಿ ತಿಕ್ಕಿ ಅತ್ತಳು.

ಅವಳು ಅಳುತ್ತಿದ್ದಾಗ ಬಲ್ಬುವಿನ ಕಣ್ಣು ನಿಧಾನವಾಗಿ ಹೊರಳಿತು. ಅವಳ ಕಡೆಗಲ್ಲ, ಕಿಟಕಿಯ ಕಡೆಗೆ. ಅಲ್ಲಿ ಸರಳಿನ ಮೇಲೆ ಒಂದು ಕಾಗೆ ಕೂತಿತ್ತು. ಅದು ಹಾರಿಹೋಯಿತು. ಕಣ್ಣು ಅಲ್ಲೇ ಉಳಿಯಿತು. ಇದು ಅವಳಿಗೆ ಹೊಸದಲ್ಲ. ಎಷ್ಟೋ ಸಲ ನೋಡಿದ್ದಳು, ನೋಡಿಲ್ಲ ಎಂದುಕೊಂಡಿದ್ದಳು, ಅಷ್ಟೆ.

ಎರಡನೆಯ ಮಂಡಳಿ ಬಂದಾಗಲೂ ಚಾದರ ಹೊಸದೇ, ಅಂಗಿಗೆ ಇಸ್ತ್ರಿ ಆಗಿತ್ತು, ಬೆನ್ನಿನಲ್ಲಿ ಒಂದು ಗೀರೂ ಇರಲಿಲ್ಲ. ಮಗಳು ಹಲ್ಲು ಕಚ್ಚಿ ಮೂಲೆಯಲ್ಲಿ ನಿಂತಿದ್ದಳು. ಡಾಕ್ಟರು ಟಾರ್ಚು ಹಾಕಿ ನೋಡಿದರು, ಚಪ್ಪಾಳೆ ತಟ್ಟಿದರು, ಉಗುರು ಒತ್ತಿದರು. ಕೊನೆಗೆ ಬರಬೇಕಾದ ಪ್ರಶ್ನೆ ಬಂತು.

"ನಿಮ್ಮನ್ನ ಗುರುತಿಸ್ತಾನಾ ಅಮ್ಮ? ಹಿಂದಿನ ವರದೀಲಿ ಹಾಗಂತ ಇದೆ."

ಇಸ್ತ್ರಿಯಮ್ಮ ಮಂಚದ ಹತ್ತಿರ ಹೋಗಿ, ಸೆರಗಿನಿಂದ ಮಗನ ತುಟಿ ಒರೆಸಿದಳು. ಆಮೇಲೆ ತನ್ನ ಎರಡು ಅಂಗೈಗಳಿಂದ ಅವನ ಎರಡು ಕಿವಿಗಳನ್ನೂ ಮುಚ್ಚಿದಳು.

"ಇಲ್ಲ ಸ್ವಾಮಿ. ನಾನು ಬಂದ್ರೂ ಕಣ್ಣು ಹೊರಳುತ್ತೆ, ಕಾಗೆ ಬಂದ್ರೂ ಹೊರಳುತ್ತೆ. ಒಂದೇ ಒಂದು ದಿನವೂ ಗುರುತಿಸಿಲ್ಲ. ನಾನೇ ಹಾಗಂದ್ಕೊಂಡು ಬದುಕಿದ್ದು."

ಡಾಕ್ಟರು ಅದನ್ನೂ ಬರೆದುಕೊಂಡು ಎದ್ದರು. ಅವರು ಬೀದಿ ದಾಟುವವರೆಗೂ ಇಸ್ತ್ರಿಯಮ್ಮ ಅವನ ಕಿವಿಯಿಂದ ಕೈ ತೆಗೆಯಲಿಲ್ಲ.

ತೀರ್ಪು ಬಂದ ದಿನ ಮಧ್ಯಾಹ್ನ ಅವಳು ಊಟ ಸೋಸುತ್ತಿದ್ದಳು. ಮಗಳ ಫೋನಿಗೆ ವಕೀಲಮ್ಮನ ಕರೆ. ಮಗಳು ಅದನ್ನು ಅಮ್ಮನ ಕಿವಿಗೆ ಹಿಡಿದಳು.

"ಅಮ್ಮ, ಗೆದ್ವಿ" ಎಂದರು ವಕೀಲಮ್ಮ. ಆ ಮಾತಿಗೆ ಅವರ ದನಿಯೇ ಬಿದ್ದುಹೋಯಿತು. "ಅಂದ್ರೆ, ಕೋರ್ಟು ಒಪ್ಪಿದೆ. ಎರಡು ದಿನದಲ್ಲಿ ಆಸ್ಪತ್ರೆಯವರು ಬಂದು ಕರ್ಕೊಂಡು ಹೋಗ್ತಾರೆ. ನೀವೂ ಜೊತೆಗಿರಬಹುದು. ನೋವಾಗದ ಹಾಗೆ ಎಲ್ಲ ಔಷಧಿ ಕೊಡ್ತಾರೆ."

"ಅದಿರಲಿ. ಉಪವಾಸ ಅಂತ ಅಂದ್ರಲ್ಲ ಮೊದಲು, ಅದಕ್ಕೇನಂದ್ರು?"

"ಅದು ತಪ್ಪು ಅಂದ್ರು ಅಮ್ಮ. ನಳಿಕೆಯಲ್ಲಿ ಹೋಗೋದು ಊಟ ಅಲ್ಲ, ಅದೂ ಚಿಕಿತ್ಸೆಯೇ. ಫಲವಿಲ್ಲದ ಚಿಕಿತ್ಸೆ ನಿಲ್ಲಿಸಬಹುದು ಅಂತ ಬರೆದಿದ್ದಾರೆ. ನಿಮ್ಮ ಮೇಲೆ ಯಾವ ದೋಷವೂ ಇಲ್ಲ."

ಇಸ್ತ್ರಿಯಮ್ಮ ಪಾತ್ರೆಯನ್ನು ನೋಡಿದಳು. ಸೋಸುಬಟ್ಟೆಯಿಂದ ಕೊನೆಯ ಹನಿಗಳು ಇಳಿಯುತ್ತಿದ್ದವು.

"ಊಟ ಅಲ್ವಂತೆ ಕಣೇ" ಎಂದಳು ಮಗಳಿಗೆ. "ಹನ್ನೆರಡು ವರ್ಷ ನಾನು ಹಾಕಿದ್ದು."

"ಅಮ್ಮ, ಅದು ಕೋರ್ಟಿನ ಮಾತು. ನಮ್ಮ ಒಳ್ಳೇದಕ್ಕೇ ಹಾಗೆ ಹೇಳಿರೋದು." ಮಗಳು ಅಳುತ್ತಿದ್ದಳು. "ಇನ್ನು ಬಿಡಮ್ಮ. ಕೈ ನೋಡು ಹೇಗೆ ನಡುಗ್ತಿದೆ. ಇವತ್ತು ನಾನು ಹಾಕ್ತೀನಿ."

"ಸುಮ್ನಿರೇ. ಅವರು ದೊಡ್ಡೋರು, ಅವರು ಹೇಳಿದ್ದು ಸರಿಯೇ ಇರಬೇಕು, ನಾನೇ ಬೇಡಿ ಪಡ್ಕೊಂಡಿದ್ದಲ್ವಾ. ಆದ್ರೆ ಅವರು ಬರೋವರೆಗೂ ಇದು ಊಟವೇ."

ಅವಳು ಪಾತ್ರೆ ಹಿಡಿದು ಒಳಗೆ ಹೋದಳು. ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡಳು. ಬಿಸಿ ಇತ್ತು, ಊದಿ ಊದಿ ಆರಿಸಿದಳು.

"ಇವತ್ತು ಕುಂಬಳಕಾಯಿ ಕಣೋ" ಎಂದಳು.

ಪ್ರತಿದಿನ ಹಾಗೆ ಹೇಳುತ್ತ ಅವನ ಕಣ್ಣು ನೋಡುತ್ತಿದ್ದವಳು ಇವತ್ತು ನಳಿಕೆಯನ್ನೇ ನೋಡುತ್ತ ಹನಿಹನಿಯಾಗಿ ಹಾಕಿದಳು. ಅವನ ಕಣ್ಣು ಎತ್ತ ಹೊರಳಿತೋ ತಲೆಯೆತ್ತಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.